ಹಾಲಿನ ಮಿಷನ್ ಹಗುರ ಮಾಡಿದ್ದು

“ಎಮ್ಮಿ ಹಾಲಿಗೆ ನೀರು ಹಾಕ್ಕೊಂಡು ಬಂದೀಯಲ್ಲ ಬೇ, ನಾಚಿಕಿ ಬರೂದಿಲ್ಲ?” ನಮ್ಮೂರ ಬಾಜೂ ಹಳ್ಳಿ ಹಾಲಿನ ಸೊಸೈಟಿ ಸೆಕ್ರೆಟರಿ ಸಾಲಿನ ಮುಂದನ ನೀಲವ್ವನ ಕ್ಯಾನ್ ಹೊಳ್ಳಿ ಕೊಟ್ಟ. ಹಾಲಿನ ಜಿಡ್ಡು ಅಳತಿ ಮಾಡೂ ಹೊಸಾ ಮಿಷನ್ ಆರು ತೋರಿಸಿತ್ತು. ಆರೂವರಿ ಇಲ್ಲಂದ್ರ ಹಾಲು ತಗೊಳ್ಳಂಗಿಲ್ಲ.

“ನನ್ನ ಮಕ್ಕಳ ಆಣಿರಿ, ಒಂದ ಹನಿ ಹಾಕಿಲ್ರಿ” ಅಂದ್ಲು ನೀಲವ್ವ.

ಆ ಮಿಷನ್ ಕೂಡಿಸಿದವ ನಾನ. ಅಣ್ಣಿಗೇರಿಯೊಳಗ ರೇಡಿಯೋ ರಿಪೇರಿ ಮಾಡ್ತೀನಿ, ಕಲ್ತದ್ದು ಏಳನೇತ್ತ ಮಟಾ. ಮೊದಲ ಜಿಡ್ಡು ನೋಡ್ತಿದ್ದ ಹಳೇ ಗಾಜಿನ ನಳಿಗಿಯೊಳಗ ಅದ ಹಾಲು ಹಾಕಿ ನೋಡಿದೆ. ಏಳಕ್ಕ ಒಂಚೂರ ಕಡಿಮಿ ಬಂತು!

ಮಿಷನ್ ಮಾಡಿದ ಇಂಜಿನಿಯರ್ ಅಲ್ಲೇ ನಿಂತಿದ್ದ, ಕೇಳಿದೆ. ಅದರ ಪ್ರೋಗ್ರಾಂ ಸಿ ಅನ್ನೂ ಕಂಪ್ಯೂಟರ್ ಭಾಷಾದಾಗ ಬರದಿದ್ದ. ಲೈಬ್ರರಿ, ಅಂದ್ರ ತಯಾರ್ ಲೆಕ್ಕದ ಗಂಟು, ಸಣ್ಣ ಚಿಪ್ಪಿನ್ಯಾಗ ಹಿಡೀಲಿಲ್ಲಂತ. ಹಗುರ ಮಾಡಾಕ ಪಾಯಿಂಟಿನ ಲೆಕ್ಕಾನ ತಗದು ಒಗದಿದ್ನಂತ! ಆರರ ಮುಂದ ಪಾಯಿಂಟ್ ಎಷ್ಟ ಇದ್ರೂ ಮಿಷನ್ ಆರ ಅನ್ನೂದು.

“ಅಷ್ಟು ಚೂರಿಗೆ ಏನಾಗ್ತದೋ ತಮ್ಮಾ?” ಅಂದ.

“ಆ ಚೂರಿನ್ಯಾಗ ಒಬ್ಬಾಕಿ ಮಾನ ಹೋತಲ್ರೀ ಸಾಹೇಬ್ರ” ಅಂದು ಚಿಪ್ ಕಿತ್ತು ಅವನ ಕೈಯಾಗ ಇಟ್ಟೆ.

ಸೆಕ್ರೆಟರಿ ನೀಲವ್ವನ್ನ ಒಳಗ ಕರದು, ದನಿ ಸಣ್ಣ ಮಾಡಿ, “ಮಿಷನ್ ತಪ್ಪೈತಿ” ಅಂದ. ಬೈಯೂದು ಮಾತ್ರ ಊರಿಗೆಲ್ಲಾ ಕೇಳೂ ಹಂಗ ಬೈದಿದ್ದ. ಹೊರಗ ಬಂದು ಎಲ್ಲಾರ ಮುಂದ ಹೇಳ್ರಿ ಅಂದೆ, ಬರಲಿಲ್ಲ. ನನಗ ಇನ್ನೂ ಸಿಟ್ಟು ಇಳಿದಿಲ್ಲ. ಮುಂದ ಹೇಳೂದು ಏನೂ ಇಲ್ಲ.