ದೋಣಿಯ ಎಡಗಡೆ ಅಂಚು

ಹೋದ ವಾರ ಪಂಚಾಯಿತಿಯವರು ಊರಿನ ಫೈಬರ್ ದೋಣಿಯನ್ನು ಟ್ರ್ಯಾಕ್ಟರ್ ಮೇಲೆ ತಂದು ನಮ್ಮ ಅಂಗಳದಲ್ಲಿ ಬೋರಲು ಹಾಕಿ ಹೋದರು. ಮಳೆಗಾಲದೊಳಗೆ ಬಣ್ಣ ಬಳಿಯಬೇಕು, ಆ ಕೆಲಸ ಹತ್ತಿರದಿಂದ ನೋಡಿದವಳು ಊರಲ್ಲಿ ಈಗ ನಾನೊಬ್ಬಳೇ. ಬಣ್ಣಕ್ಕೆ ಮೊದಲು ಬಿರುಕಿಗೆ ಹಚ್ಚುವ ಅಂಟು, ರೆಸಿನ್, ಅದರ ಡಬ್ಬಿಯ ಮುಚ್ಚಳ ಎಬ್ಬಿಸಿದೆ. ಆ ಘಾಟು... ಮೂಗಿಗಿಂತ ಮೊದಲು ಕಣ್ಣಿಗೆ ಹತ್ತುವಂಥದು. ಡಬ್ಬಿ ಕೆಳಗಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟೆ. ಬಾಜೂಮನಿ ಕಾಕಾ ನೆನಪಾದರು.

ಕಾಕಾ ಅಣ್ಣಿಗೇರಿಯಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳಿಗೆ ಬಣ್ಣ ಬಳಿಯುತ್ತಿದ್ದರು. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಅವರ ಉಗುರಿನ ಸಂದಿಯಲ್ಲಿ ದಿನಕ್ಕೊಂದು ಬಣ್ಣ ಇರುತ್ತಿತ್ತು. ಎಲ್ಲಿಯದೋ ಕೆರೆಯಲ್ಲಿ ಓಡಿ ಹಳತಾದ ದೋಣಿಯೊಂದನ್ನು ಪಂಚಾಯಿತಿಯವರು ತಂದಾಗ ಊರೆಲ್ಲ ನಕ್ಕಿತ್ತು. ಕುಡಿಯುವ ನೀರಿಗೇ ಎಂಟು ದಿನ ಕಾಯುವ ಊರಿಗೆ ದೋಣಿ ಯಾಕ್ರಿ ಅಂತ ನಾನೂ ಕೇಳಿದ್ದೆ. ಆದರೆ ಮೇಲೆ ಕುಂದಗೋಳದ ಕಡೆ ಮಳೆ ಜೋರಾದರೆ ಬೆಣ್ಣಿಹಳ್ಳ ಒಂದು ತಾಸಿನಲ್ಲಿ ಹೊಲ ನುಂಗುತ್ತದೆ, ಆಚೆ ದಂಡೆಯಲ್ಲಿ ಕಳೆ ತೆಗೆಯುವವರು ಅಲ್ಲೇ ಸಿಕ್ಕಿಬೀಳುತ್ತಾರೆ. ದೋಣಿಯ ಎಡಗಡೆ ಒಂದು ಸೀಳಿತ್ತು. ಕಾಕಾ ಟ್ರೇಲರಿನ ತಗಡಿಗೆ ಮೆತ್ತುವ ಪುಟ್ಟಿಯನ್ನೇ ಅದಕ್ಕೂ ಮೆತ್ತಿ, ಉಜ್ಜಿ, ಮೇಲೆ ಬಣ್ಣ ಬಳಿದು ಕೊಟ್ಟರು. ಕನ್ನಡಿಯಂಗ ಮಾಡ್ಯಾರ ನೋಡ್ರಿ ಅಂತ ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಆ ಪುಟ್ಟಿ ನೀರು ಕುಡಿಯುತ್ತದೆ ಅಂತ ಯಾರಿಗೆ ಗೊತ್ತಿತ್ತು...

ಆ ಶ್ರಾವಣದಲ್ಲಿ ಹಳ್ಳ ಬಂತು. ಕಾಕಾನೇ ಉದ್ದನೆಯ ಗಳ ಹಿಡಿದು ಜನರನ್ನು ದಾಟಿಸಿದರು. ಕೊನೆಯ ಸಲ ಆರು ಜನ ಕೂತಿದ್ದರು, ಅವರಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಒಬ್ಬಳು. ನಡುಹಳ್ಳದಲ್ಲಿ ಪುಟ್ಟಿ ಕಿತ್ತು ನೀರು ಒಳಗೆ ಬಂತು, ದೋಣಿ ಎಡಕ್ಕೆ ವಾಲಿತು, ಕಾಕು ಹೊರಗೆ ಬಿದ್ದಳು. ಬಿದ್ದವಳು ಅಂಚು ಹಿಡಿದುಕೊಂಡಳು. ಕಾಕಾ ಗಳ ಬಿಟ್ಟು ಅವಳ ಕೈ ಹಿಡಿದಿದ್ದರೆ ದೋಣಿ ಅಡ್ಡ ತಿರುಗಿ ಐದೂ ಜನ ಮುಳುಗುತ್ತಿದ್ದರು. ಅವರು ಗಳ ಬಿಡಲಿಲ್ಲ. ಸ್ವಲ್ಪ ದೂರ ಹಾಗೇ ಬಂದ ಕಾಕು ಆಮೇಲೆ ಕೈ ಬಿಟ್ಟಳು. ಐದು ಜನ ದಂಡೆ ಸೇರಿದರು, ಕಾಕುವಿನ ದೇಹ ಸಿಗಲಿಲ್ಲ. ಸಿಗದ ದೇಹಕ್ಕೆ ಸಮಾಧಿ ಹೇಗೆ ಮಾಡುವುದು? ಮಾಡಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಕಾಕಾ ಆ ದೋಣಿಯನ್ನು ತಮ್ಮ ಹಿತ್ತಲಿಗೆ ತಂದರು. ಊರಿಗೆ ದೋಣಿ ಬೇಕೇ ಬೇಕು, ಹಳ್ಳ ಮತ್ತೆ ಬರುವುದೇ. ಹಳೆಯ ಬಣ್ಣ ಕೆರೆದು ಹಸಿರು ಬಳಿದರು. ನಾಲ್ಕನೆಯ ದಿನ ಎಡಗಡೆ ಅಂಚಿನ ಒಳಮಗ್ಗುಲಿಗೆ ನಾಲ್ಕು ಗುಳ್ಳೆ ಎದ್ದವು, ಒಂದರ ಪಕ್ಕ ಒಂದು. ಕೆರೆದು ಮತ್ತೆ ಬಳಿದರು. ಮತ್ತೆ ಅವೇ ನಾಲ್ಕು, ಅದೇ ಜಾಗದಲ್ಲಿ. ನಾನು ಕಾಯಿಪಲ್ಯೆ ಕೊಡಲು ಹೋದಾಗ ಕಣ್ಣಾರೆ ನೋಡಿದೆ. ಎರೆಭೂಮಿ ಗೇಣಗಲ ಬಾಯಿಬಿಟ್ಟ ಬಿಸಿಲು, ದೋಣಿ ನೀರು ಕಂಡು ಎಷ್ಟೋ ತಿಂಗಳಾಗಿತ್ತು. ಉಗುರಿನಿಂದ ಒಂದು ಗುಳ್ಳೆ ಒತ್ತಿದೆ. ಕೆಟ್ಟ ಉಪ್ಪಿನಕಾಯಿಯಂಥ ಹುಳಿ ವಾಸನೆಯ ನೀರು ಬೆರಳಿನ ಮೇಲೆ ಇಳಿಯಿತು. ಸೆರಗಿಗೆ ಒರೆಸಿಕೊಂಡೆ.

"ಒತ್ತಬ್ಯಾಡ ಯವ್ವಾ," ಅಂದರು ಕಾಕಾ, ಅಗದಿ ಸಮಾಧಾನದಿಂದ. "ಆಕಿ ಇನ್ನೂ ಹಿಡಕೊಂಡಾಳ."

ಫೈಬರಿನ ನೀರಿನ ಟಾಕಿ ರಿಪೇರಿ ಮಾಡುವ ಒಬ್ಬನನ್ನು ಕರೆಸಿ ತೋರಿಸಿದೆ. ಪದರುಗಳ ಒಳಗೆ ನೀರು ಕೂತಿದೆ, ಬಿಸಿಲಿಗೆ ಉಬ್ಬಿ ಬರುತ್ತದೆ, ಅಂಚಿನಿಂದ ಸೀಳಿನವರೆಗೆ ಅಷ್ಟು ಭಾಗ ಕೊಯ್ದು ತೆಗೆದು ಹೊಸದು ಕೂಡಿಸದಿದ್ದರೆ ಈ ದೋಣಿ ನಡುನೀರಿನಲ್ಲಿ ಮತ್ತೆ ಬಾಯಿಬಿಡುತ್ತದೆ ಅಂದ. ಕಾಕಾ ಒಪ್ಪಲಿಲ್ಲ. ದಿನಾ ಆ ಗುಳ್ಳೆಗಳ ಮುಂದೆ ಕೂತು ಹೊಲದ ಸುದ್ದಿ, ಎಮ್ಮೆಯ ಸುದ್ದಿ ಹೇಳುತ್ತಿದ್ದರು. ಸುಮ್ಮನೆ ಇರುವ ಜಾತಿಯವಳಲ್ಲ ನಾನು, ಎಲುಬಿಲ್ಲದ ನಾಲಿಗೆ.

"ಕಾಕಾ, ಮುಂದಿನ ಸಲ ಈ ದೋಣ್ಯಾಗ ನನ್ನ ಕೂಸು ಕುಂತಿದ್ದರ ಏನ್ ಮಾಡ್ತೀರಿ?" ಅಂದೆ.

ಅವರು ಎದ್ದು ಒಳಗೆ ಹೋದರು. ಮೂರು ದಿನ ಬಾಗಿಲು ತೆಗೆಯಲಿಲ್ಲ. ನಾಲ್ಕನೆಯ ದಿನ ತಾವೇ ಬಂದರು. "ಕೊಯ್ಯೂಣು. ಆದರ ಆ ತುಂಡು ತಿಪ್ಪಿಗೆ ಒಗಿಯಂಗಿಲ್ಲ. ಆಕಿಗೆ ಮಣ್ಣ ಕೊಡಬೇಕು. ಮತ್ತ, ಕೊಯ್ಯಾಕ ನನ್ನ ಕೈ ಏಳೂದಿಲ್ಲ. ನೀನ ಕೊಯ್ಯಿ."

ಕಟರ್ ಮಷೀನು ಹಿಡಿದವಳು ನಾನು. ಬಿಳಿ ಧೂಳು ಹಾರಿತು. ಮೊರದಷ್ಟು ಅಗಲದ ತುಂಡು ಕೈಗೆ ಬಂತು, ನಾಲ್ಕು ಗುಳ್ಳೆಗಳ ಸಮೇತ. ಸಮಾಧಿ ಮಾಡಿಸುವ ಮಠದ ಅಯ್ಯನವರು ಮೊದಲು "ಶರೀರ ಇಲ್ಲದ ಸಮಾಧಿ ಹೆಂಗ್ರಿ?" ಅಂದವರು, ತುಂಡನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ತಾವೇ ಕುಣಿಯ ಅಳತೆ ಹೇಳಿದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಕಾಕಾನ ಹೊಲದಲ್ಲಿ ಕುಣಿ ತೋಡಿ, ಒಳಗೆ ಗೂಡು ಮಾಡಿದ್ದರು. ಕಾಕುವಿನ ಇಳಕಲ್ಲ ಸೀರೆಯಲ್ಲಿ ಸುತ್ತಿದ ತುಂಡನ್ನು ಎದೆಗವಚಿ ಒಯ್ದವಳೂ ನಾನೇ. ನೆತ್ತಿ ಸುಡುವ ಮಧ್ಯಾಹ್ನ. ಸುತ್ತುವಾಗ ಅದು ಕಟ್ಟಿಗೆಯಷ್ಟು ಒಣಗಿತ್ತು. ಕುಣಿಯ ಹತ್ತಿರ ಬರುವಷ್ಟರಲ್ಲಿ ಸೀರೆ ನೆನೆದು, ನನ್ನ ಕುಪ್ಪಸ ನೆನೆದು, ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆವರು ಅಂತ ಅತ್ತೆ ಅಂದರು. ಬೆವರು ಅಷ್ಟು ತಣ್ಣಗಿರುತ್ತದೆಯೇ? ಅಯ್ಯನವರು ಅದನ್ನು ಗೂಡಿನಲ್ಲಿ ನೆಟ್ಟಗೆ ಕೂಡಿಸಿ ವಿಭೂತಿ, ಬಿಲ್ವಪತ್ರಿ ಹಾಕಿದರು. ಕಾಕಾ ಮೊದಲ ಹಿಡಿ ಮಣ್ಣು ಹಾಕಿದರು.

ಆಮೇಲೆ ಅವರು ಮಾಡಿದ ಕೆಲಸವನ್ನು ನೋಡಬೇಕಿತ್ತು. ಗಾಜಿನ ನೂಲಿನ ಬಟ್ಟೆ, ಅದರ ಮೇಲೆ ರೆಸಿನ್, ಮತ್ತೆ ಬಟ್ಟೆ, ಮತ್ತೆ ರೆಸಿನ್. ಒಣಗಿಸಿ ಉಜ್ಜಿದರು, ಹಸಿರು ಬಳಿದರು. ಗುಳ್ಳೆ ಏಳಲಿಲ್ಲ. ನಾನು ಹಿಗ್ಗಿದೆ. ಕಾಕಾ ಮಾತ್ರ ದಿನಾ ಬೆಳಗ್ಗೆ ಆ ಜಾಗದ ಮೇಲೆ ಹೆಬ್ಬೆರಳು ಆಡಿಸಿ ನೋಡುತ್ತಿದ್ದರು. "ಬಿಟ್ಟಳು ನೋಡು," ಅಂದರು ಒಂದು ದಿನ. ಆಮೇಲೆ ದೋಣಿಯ ಮುಂದೆ ಮಾತಾಡುವುದನ್ನು ನಿಲ್ಲಿಸಿದರು. ಊಟವೂ ಕಡಿಮೆಯಾಯಿತು.

ಆ ವರ್ಷವೂ ಹಳ್ಳ ಬಂತು. ಹೊಲದಲ್ಲಿ ಸಿಕ್ಕಿಬಿದ್ದವರಲ್ಲಿ ನಾನಿದ್ದೆ, ಕಂಕುಳಲ್ಲಿ ಮಗಳಿದ್ದಳು. ಕಾಕಾ ನಮ್ಮನ್ನು ದಾಟಿಸಿದರು. ಒಂದು ಹನಿ ನೀರು ಒಳಗೆ ಬರಲಿಲ್ಲ. ಎಲ್ಲರೂ ಈಚೆ ದಂಡೆಗೆ ಇಳಿದ ಮೇಲೆ ಅವರು ಮತ್ತೆ ಗಳ ಊರಿ ದೋಣಿ ತಿರುಗಿಸಿದರು.

"ಎಲ್ಲಾರೂ ಬಂದಾರಲ್ರಿ ಕಾಕಾ, ಮತ್ತ ಎಲ್ಲಿಗ್ರಿ?" ಅಂತ ಕೂಗಿದೆ.

"ಒಬ್ಬಾಕಿ ಉಳದಾಳ, ಯವ್ವಾ."

ದೋಣಿ ಮರುದಿನ ಕೆಳಗೆ ಜಾಲಿಗಿಡಕ್ಕೆ ಕಟ್ಟಿದ್ದು ಸಿಕ್ಕಿತು. ಹಗ್ಗಕ್ಕೆ ಕಾಕಾ ಹಾಕುವ ಎರಡು ಸುತ್ತಿನ ಗಂಟೇ ಇತ್ತು. ಗಳವನ್ನು ನೀಟಾಗಿ ಒಳಗಿಟ್ಟಿದ್ದರು. ದೋಣಿಯೆಲ್ಲ ಒಣಗಿತ್ತು, ಹಿಂದಿನ ಹಲಗೆಯ ಮೇಲೆ ಮಾತ್ರ ಇಬ್ಬರು ಒದ್ದೆ ಬಟ್ಟೆಯಲ್ಲಿ ಕೂತು ಎದ್ದಷ್ಟು ಅಗಲಕ್ಕೆ ಹಸಿ ಇತ್ತು. ನಾನು ಕೈ ಇಟ್ಟು ನೋಡಿದ್ದೇನೆ. ಮಲಪ್ರಭೆಗೆ ಹಳ್ಳ ಕೂಡುವವರೆಗೂ ಹುಡುಕಿದರು. ಕಾಕಾ ಸಿಗಲಿಲ್ಲ.

ಕಾಕುವಿನ ಬಾಜು ಒಬ್ಬರಿಗಾಗುವಷ್ಟು ಜಾಗ ಇವತ್ತಿಗೂ ಖಾಲಿ ಇದೆ. ಅಲ್ಲಿ ಕೂಡಿಸಲು ನಮ್ಮ ಹತ್ತಿರ ಏನೂ ಉಳಿದಿಲ್ಲ. ನನ್ನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ, ಆ ದೋಣಿಯಿಂದ ಬದುಕಿದ ಎಷ್ಟೋ ಜನ ಊರಲ್ಲಿ ಓಡಾಡುತ್ತಿದ್ದಾರೆ. ಅವತ್ತು ಕಾಕಾನಿಗೆ ನಾನು ಹೇಳಿದ್ದು ತಪ್ಪಲ್ಲ, ಯಾರನ್ನು ಬೇಕಾದರೂ ಕೇಳಿ. ಆದರೂ ಆ ಮನುಷ್ಯನನ್ನು ಈ ದಂಡೆಯ ಮೇಲೆ ಹಿಡಿದು ನಿಲ್ಲಿಸಿದ್ದು ಅಂಚು ಹಿಡಿದಿದ್ದ ಆ ಒಂದು ಕೈ. ಅದನ್ನು ಕೊಯ್ದವಳು ನಾನು.