ಮೆಟ್ಟಿಲಿನ ಅಡಿ ತಡಕುತ್ತಿದ್ದ ಶೀನಣ್ಣ

ಬಸ್ಸು ಬಂದು ನಿಂತರೆ ನಾವೆಲ್ಲ ಸೀಟು ನೋಡುತ್ತಿದ್ದೆವು, ಶೀನಣ್ಣ ಮಾತ್ರ ಮೆಟ್ಟಿಲು ನೋಡುತ್ತಿದ್ದರು. ನೋಡುವುದೆಂದರೆ ಬರೀ ಕಣ್ಣಲ್ಲಿ ಅಲ್ಲ. ಪಂಚೆ ಎತ್ತಿ ಕಟ್ಟಿ, ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಹಿಂಬಾಗಿಲಿನ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ಕೆಳಮೆಟ್ಟಿಲಿನ ಅಡಿಗೆ ಕೈ ಹಾಕಿ ತಡಕುವುದು! ಒಂದು ಹುಲ್ಲುಕಡ್ಡಿಯೋ ಕೊಳೆತ ಎಲೆಯೋ ಸಿಕ್ಕಿದರೆ ಮುಖ ಅರಳುತ್ತಿತ್ತು. ಏನೂ ಸಿಗದಿದ್ದರೆ ಕಂಡಕ್ಟರನ ಗ್ರಹಚಾರ ಕೆಟ್ಟಿತೆಂದೇ ಅರ್ಥ.

ಶೀನಣ್ಣ ಹಾಲಾಡಿಯ ಬಸ್‌ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್. ಖಾಸಗಿ ಬಸ್ಸುಗಳ ನಮ್ಮ ಊರಿನಲ್ಲಿ ಆ ಕೆಲಸ ಸಣ್ಣದಲ್ಲ. ಒಂದು ಬಸ್ಸು ಎರಡು ನಿಮಿಷ ತಡ ಮಾಡಿತೆಂದರೆ ಹಿಂದಿನ ಬಸ್ಸಿನ ಜನರನ್ನೂ ಬಾಚಿಕೊಂಡು ಹೋಗುತ್ತದೆ, ಆಮೇಲೆ ಎರಡು ಬಸ್ಸಿನವರಿಗೂ ಜುಟ್ಟು ಹಿಡಿದು ಜಗಳ. ಹಾಗಾಗಿ ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ತಡವಾದರೆ ಕಾರಣ ಏನು ಎಂದು ಶೀನಣ್ಣ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ತೊಂಬತ್ತೇಳರಲ್ಲಿ, ನಾನು ಕುಂದಾಪುರದ ಕಾಲೇಜಿಗೆ ಹೋಗಿಬರುತ್ತಿದ್ದ ಕಾಲಕ್ಕೆ, ಅವರು ಆ ಕೆಲಸಕ್ಕೆ ಹೊಸಬರು. ತ್ರಾಸಿಯ ಮೀನುಗಾರರ ಮನೆಯ ಮಗ. ಆದರೆ ದೋಣಿ ಹತ್ತಿದರೆ ಸಾಕು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಅಪ್ಪ ಬೈದು ಬೈದು ಸೋತು ಬೊಂಬಾಯಿಗೆ ಅಟ್ಟಿದರಂತೆ. ಅಲ್ಲಿನ ಕ್ಯಾಂಟೀನುಗಳಲ್ಲಿ ಹತ್ತು ವರ್ಷ ದುಡಿದು ಎರಡು ಆಸ್ತಿ ತಂದಿದ್ದರು: ಒಂದು ಕೈಗಡಿಯಾರ, ಇನ್ನೊಂದು 'ಬರಾಬರ್' ಎಂಬ ಮಾತು.

ಕಂಡಕ್ಟರುಗಳಿಗೆ ಮಳೆಗಾಲವೆಂದರೆ ಹಬ್ಬ. ತಡವಾದದ್ದಕ್ಕೆಲ್ಲ 'ದಾರಿಯಲ್ಲಿ ನೀರು' ಎಂದರೆ ಮುಗಿಯಿತು. ಅದರಲ್ಲೂ ರಾಘು ಎಂಬ ಕಂಡಕ್ಟರ್ ಇದ್ದ. ಅವನು ಬಾಯಿ ತೆಗೆದರೆ ಸುಳ್ಳು, ಮುಚ್ಚಿದರೆ ಬೀಡಿ.

"ಹ್ವಾಯ್ ರಾಘು, ಹನ್ನೆರ್ಡ್ ಮಿನಿಟ್ ಲೇಟ್. ಎಂತ ಕಾರಣ?"

"ನೀರ್ ಶೀನಣ್ಣ. ಎಂಥಾ ನೀರ್ ಅಂತ್ರಿ! ಬಸ್ಸಲ್ಲ, ದೋಣಿ ಬಿಡ್ಕ್ ಅಲ್ಲಿ."

"ಕಾಂಬ" ಎಂದು ಶೀನಣ್ಣ ಮೆಟ್ಟಿಲಿನ ಅಡಿಗೆ ಕೈ ಹಾಕುತ್ತಿದ್ದರು. "ಮೆಟ್ಲ್ ಮೇಲೆ ಒದ್ದೆ ಇದ್ರೆ ಅದ್ ಜನ್ರ ಕಾಲ್. ಅಡಿಗ್ ಕಸ ಸಿಕ್ಕಿದ್ರೆ ಅದ್ ನೀರ್. ನಿಂದ್ ಎಂತದೂ ಇಲ್ಲೆ. ಎಲ್ಲಿ ನಿಲ್ಸಿ ಚಾ ಕುಡ್ದದ್ದ್, ಬರಾಬರ್ ಹೇಳ್."

ಕಸ ಸಿಕ್ಕಿದರೆ 'ನೀರು' ಎಂದು ಬರೆದು, ರಸ್ತೆಯಡಿ ನೀರು ದಾಟುವ ಯಾವ ಮೋರಿಯಲ್ಲಿ ಎಂದು ಕೇಳಿ ಅದನ್ನೂ ಬರೆದು, ಎಷ್ಟನೇ ಮೆಟ್ಟಿಲಿನವರೆಗೆ ಕಸ ಹತ್ತಿತ್ತೋ ಆ ಸಂಖ್ಯೆ ಹಾಕುತ್ತಿದ್ದರು. ನೀರು ಒಂದು, ನೀರು ಎರಡು. ಮೂರು ಬಂದ ದಿನ ತಾವೇ ಮನೆಗೆ ಹೋಗಲಾಗದೆ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಲಗುತ್ತಿದ್ದರು.

ನನಗೂ ಅವರಿಗೂ ಮೊದಲು ಜಗಳವಾದದ್ದು ಪರೀಕ್ಷೆಯ ದಿನ. ನಾನು ಓಡಿ ಬರುತ್ತಿದ್ದೇನೆ, ಕೈ ಬೀಸುತ್ತಿದ್ದೇನೆ, ಕೂಗುತ್ತಿದ್ದೇನೆ. ಶೀನಣ್ಣ ನನ್ನನ್ನು ನೋಡಿದರು, ಗಡಿಯಾರ ನೋಡಿದರು, ಪುರ್ರ್ ಎಂದು ಸೀಟಿ ಊದಿ ಬಸ್ಸು ಬಿಟ್ಟೇ ಬಿಟ್ಟರು. ಅಳು ಬಂತು.

"ಪರೀಕ್ಷೆ ಇತ್ತ್ ಶೀನಣ್ಣ! ಅರ್ಧ ಮಿನಿಟ್ ನಿಲ್ಸುಕಾಗ್ಲಿಲ್ಯಾ?"

"ಪರೀಕ್ಷೆ ನಿಂದ್ ಮಗಾ, ಟೈಮ್ ಬಸ್ಸಿಂದ್. ನಿಂಗ್ ಕಾದ್ರೆ ಮುಂದಿನ ಸ್ಟಾಪಂಗೆ ಮಳಿಯಂಗ್ ನಿಂತವ್ರ್ ಎಂತ ಮಾಡ್ಕ್?"

ಹೀಗೆ ಹೇಳಿದವರೇ ಐದು ನಿಮಿಷದಲ್ಲಿ ಹೆಂಚು ತುಂಬಿದ ಒಂದು ಟೆಂಪೋಗೆ ಅಡ್ಡ ನಿಂತು, "ಇವ್ಳಿಗ್ ಪರೀಕ್ಷೆ ಅಂಬ್ರ್, ಕಾಲೇಜಿನ ಬುಡಕ್ಕೇ ಇಳ್ಸಿ ಮಾರ್ರೆ" ಎಂದು ನನ್ನನ್ನು ಮುಂದಿನ ಸೀಟಿಗೆ ಹತ್ತಿಸಿದರು. ಟೆಂಪೋ ಬಸ್ಸಿಗಿಂತ ಮೊದಲೇ ಮುಟ್ಟಿತು. ಆದರೂ ಆ ಸಿಟ್ಟು ನನಗೆ ಬಹಳ ದಿನ ಇತ್ತು.

ಹದಿನೈದು ವರ್ಷ ದಾಟಿತು. ನಾನು ಬ್ರಹ್ಮಾವರದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಒಳರಸ್ತೆಗಳಲ್ಲಿ ಯಾವ ಮೋರಿಗಳು ದೊಡ್ಡ ಮಳೆಗೆ ತಡೆಯುವುದಿಲ್ಲ ಎಂದು ಲೆಕ್ಕ ಹಾಕಿ ಲೋಕೋಪಯೋಗಿ ಇಲಾಖೆಗೆ ಪಟ್ಟಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಪಟ್ಟಿಯಲ್ಲಿ ಮೇಲಿರುವ ಕೆಲವನ್ನು ಮಾತ್ರ ಎತ್ತರಿಸಿ ಹೊಸದಾಗಿ ಕಟ್ಟುತ್ತಾರೆ, ಉಳಿದವು ದೇವರ ಮೇಲೆ ಭಾರ. ಅಷ್ಟು ಹೊತ್ತಿಗೆ 'ಡಾಟಾ ಸೈನ್ಸ್' ಎಂಬ ಹೆಸರು ನಮ್ಮ ಕಡೆಗೂ ಬಂದಿತ್ತು, ನನಗೆ ಅದರ ಹುಚ್ಚು. ಹಳೆಯ ಮಳೆ, ಹಳೆಯ ನೆರೆ ಎರಡನ್ನೂ ಕಂಪ್ಯೂಟರಿಗೆ ಕೊಟ್ಟರೆ ಇಂಥ ಮಳೆಗೆ ಇಂಥ ಮೋರಿ ಮುಳುಗುತ್ತದೆ ಎಂದು ಅದು ಮುಂಚೆಯೇ ಹೇಳಬೇಕು. ಮಳೆಯ ಅಳತೆ ಸಿಕ್ಕಿತು. ಆದರೆ ಯಾವ ದಿನ ಯಾವ ಮೋರಿ ಮುಳುಗಿತ್ತು ಎಂದು ಬರೆದಿಟ್ಟವರು ಯಾರು? ತಿರುಗಿದ ಕಚೇರಿಗಳಲ್ಲೆಲ್ಲ ಟೀ ಸಿಕ್ಕಿತು, ಮಾಹಿತಿ ಸಿಗಲಿಲ್ಲ. ಸುಸ್ತಾಗಿ ಬಸ್ಸು ಹತ್ತುವಾಗ ಕಾಲ ಕೆಳಗಿನ ಮೆಟ್ಟಿಲು ನೋಡಿದೆ. ಅಯ್ಯೋ ನನ್ನ ಬುದ್ಧಿಯೇ!

ಶೀನಣ್ಣ ಎಲ್ಲ ನೋಟ್‌ಬುಕ್ಕುಗಳನ್ನೂ ಒಂದು ಅಕ್ಕಿಚೀಲದಲ್ಲಿ ತುಂಬಿ ಕೊಟ್ಟರು. "ಒಂದ್ ತಿಂಗ್ಳಲ್ ವಾಪಸ್ ಬರ್ಕ್. ಲೇಟ್ ಮಾಡ್ಬ್ಯಾಡ" ಎಂದು ಮತ್ತೆ ಕೇಳಿದರು:

"ಇದನ್ನೆಲ್ಲ ಕಂಪ್ಯೂಟರಿಗ್ ತಿಂಬುಕ್ ಕೊಡ್ತ್ಯಾ?"

"ಹೌದ್ ಶೀನಣ್ಣ. ಎಷ್ಟ್ ಮಳಿ ಬಂದ್ರೆ ಯಾವ್ ಮೋರಿ ಮುಳುಗತ್ತ್ ಅಂದೇಳಿ ಅದ್ ಮೊದ್ಲೇ ಹೇಳತ್ತ್."

"ನಾನೂ ಹೇಳ್ತೆ. ನಂಗ್ ಕರೆಂಟ್ ಬ್ಯಾಡ."

ಅವರ ಬರಹವನ್ನು ಕಂಪ್ಯೂಟರಿಗೆ ಇಳಿಸುವುದಕ್ಕೇ ಒಂದು ಬೇಸಿಗೆ ಹಿಡಿಯಿತು. ಆಮೇಲೆ ನೋಡಬೇಕು ಅದರ ಚಂದ! ಮಳೆಯೂ ಮೆಟ್ಟಿಲೂ ಎಷ್ಟು ಹೊಂದುತ್ತಿದ್ದವೆಂದರೆ ನಾನು ಕುರ್ಚಿಯಲ್ಲೇ ಕುಣಿದೆ. ಒಂದೇ ಒಂದು ಜಾಗ ಮಾತ್ರ ರಗಳೆ ಮಾಡಿತು. ಕುಂದಾಪುರದ ಒಳದಾರಿಯಲ್ಲಿ, ಹಿನ್ನೀರಿಗೆ ಹತ್ತಿರ, ನಡುಬೈಲಿನ ಮೋರಿ. ಅಲ್ಲಿ ನೀರು ಎಂದು ಹೇಳಿದ್ದು ಒಂದೇ ಬಸ್ಸು, ಹನ್ನೊಂದೂ ಇಪ್ಪತ್ತಕ್ಕೆ ಹಾಲಾಡಿ ಬಿಟ್ಟು ಕುಂದಾಪುರಕ್ಕೆ ಹೋಗಿ ಬರುವ ಬಸ್ಸು. ಬೆಳಗಿನ ಬಸ್ಸಿಗೂ ಸಂಜೆಯ ಬಸ್ಸಿಗೂ ಅಲ್ಲಿ ನೀರೇ ಸಿಕ್ಕಿಲ್ಲ. ಕೆಲವು ಸಲ ಭಾರೀ ಮಳೆಗೂ ಒಣ, ಕೆಲವು ಸಲ ಸಾಧಾರಣ ಮಳೆಗೂ ಎರಡನೇ ಮೆಟ್ಟಿಲು. ಮೇಲಾಗಿ ಆ ಬಸ್ಸಿನ ಕಂಡಕ್ಟರ್ ಯಾರು? ನಮ್ಮ ರಾಘು! ಇದು ಕಸವೇ ಸರಿ ಎಂದು ನಡುಬೈಲಿನ ಸಾಲುಗಳನ್ನೆಲ್ಲ ಅಳಿಸಿ ಹಾಕಿದೆ.

ಪಟ್ಟಿಯನ್ನು ಶೀನಣ್ಣನಿಗೆ ತೋರಿಸಲು ಹೋದೆ. ಬೆರಳಿಟ್ಟು ಓದಿದರು.

"ನಡುಬೈಲ್ ಎಲ್ಲಿ?"

"ಅದ್ ಸರಿ ಬರ್ಲಿಲ್ಲ. ರಾಘು ಒಬ್ಬನೇ ಹೇಳದ್ದ್. ಅವ್ನ ಸುಳ್ಳ್ ಊರಿಗೇ ಗೊತ್ತಿತ್ತಲೆ?"

"ರಾಘು ಸುಳ್ಳ್ ಹೇಳ್ತ, ಹೌದ್. ಮೆಟ್ಲೂ ಸುಳ್ಳ್ ಹೇಳತ್ತಾ? ಅಡಿಂದ ಕಸ ತೆಗ್ದದ್ದ್ ನಾನಲ್ದಾ?" ಅವರ ಮುಖ ಕೆಂಪಗಾಗಿತ್ತು. "ಯಾವ್ ಯಾವ್ ದಿನ ಅಂದೇಳಿ ಕಂಡ್ಯಾ?"

"ಕಂಡೆ. ಒಂದ್ ಸಲ ಸೋಮವಾರ, ಒಂದ್ ಸಲ ಗುರುವಾರ. ಒಂದಕ್ಕೊಂದ್ ಸಂಬಂಧವೇ ಇಲ್ಲೆ."

"ಸೋಮವಾರ ಅಂಬ್ರ್!" ಎಂದು ಅವರು ಹಣೆ ಬಡಿದುಕೊಂಡು ಇನ್ನೇನೋ ಹೇಳಹೊರಟರು. ಅಷ್ಟರಲ್ಲಿ ಶಂಕರನಾರಾಯಣದ ಬಸ್ಸು ಬಂತು, ಸೀಟಿ ಬಾಯಿಗೆ ಹೋಯಿತು. ನಾನು ಕಾಯಲಿಲ್ಲ. ಓದಿದವಳು ನಾನು, ಕಾಯುವುದು ಯಾಕೆ ಎಂಬ ಜಂಬ.

ಪಟ್ಟಿ ಕೊಡುವ ದಿನ ಬಂತು. ಮಧ್ಯಾಹ್ನ ಮೇಲೆ ಇಲಾಖೆಯ ಕುಂದಾಪುರದ ಕಚೇರಿಯಲ್ಲಿ ಸಭೆ. ಹಿಂದಿನ ದಿನ ಹಾಲಾಡಿಯ ತವರಲ್ಲಿ ಉಳಿದಿದ್ದವಳು ಅದೇ ಹನ್ನೊಂದೂ ಇಪ್ಪತ್ತರ ಬಸ್ಸು ಹತ್ತಿ ಕುಳಿತೆ. ಬೆಳಗಿನಿಂದ ಮಳೆ ಎಡೆಬಿಡದೆ ಹೊಯ್ಯುತ್ತಿತ್ತು. ಹನ್ನೊಂದೂ ಇಪ್ಪತ್ತಾಯಿತು, ಸೀಟಿ ಇಲ್ಲ. ಇಪ್ಪತ್ತೈದಾಯಿತು. ಇಣುಕಿ ನೋಡಿದರೆ ಶೀನಣ್ಣ ಕೊಡೆ ಬಿಚ್ಚಿ ಬಸ್ಸಿನ ಮುಂದೆ, ರಸ್ತೆಯ ನಡುವೆ ನಿಂತುಬಿಟ್ಟಿದ್ದಾರೆ!

"ಟೈಮ್ ಆಯ್ತ್ ಮಾರ್ರೆ, ಬಿಡಿ!" ಎಂದು ರಾಘು ಕೂಗಿದ. ಅವನು ಟೈಮಿನ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಬಿಡುದಿಲ್ಲೆ. ಇವತ್ ಅಮಾಸಿ."

ಬಸ್ಸಿನ ತುಂಬ ಜನ, ಎಲ್ಲರೂ ಒಟ್ಟಿಗೆ ಬೈಯತೊಡಗಿದರು. ನಾನೂ ಇಳಿದು ಹೋದೆ. "ಶೀನಣ್ಣ, ನನ್ನ ಪರೀಕ್ಷೆಗ್ ಅರ್ಧ ಮಿನಿಟ್ ನಿಲ್ಸ್ಲಿಲ್ಲ ನೀವ್. ಈಗ ಸಭೆ ಇತ್ತ್, ಅಮಾಸಿ ಅಂತ್ರಿ!"

"ಕೇಣ್ ಮಾರಾಯ್ತಿ. ಅಮಾಸಿ, ಹುಣ್ಮಿ ದಿನ ನಮ್ ಬದಿ ಹನ್ನೆರ್ಡ್ ಗಂಟಿ ಸುಮಾರಿಗೆ ಕಡಲ್ ಏರಿ ನಿಂತಿರತ್ತ್, ದೊಡ್ಡ ಭರ್ತ. ಗುಡ್ಡಿ ಮೇಲಿನ ಮಳಿನೀರ್ ಕಡ್ಲಿಗ್ ಹೋಪುಕಾತಿಲ್ಲೆ. ಎಲ್ಲಿಗ್ ಹೋಯ್ಕ್ ಅದ್? ನಡುಬೈಲಂಗ್ ನಿಲ್ಲತ್ತ್. ಬೆಳಿಗ್ಗಿ ಬಸ್ಸಿಗೆ ಇಲ್ಲೆ, ಸಂಜಿ ಬಸ್ಸಿಗೆ ಇಲ್ಲೆ. ಈ ಬಸ್ ಬರಾಬರ್ ಅದೇ ಹೊತ್ತಿಗ್ ಅಲ್ಲಿ ಮುಟ್ಟತ್ತ್. ಇವತ್ತಿನ ಮಳಿ ಕಂಡ್ಯಾ? ಇಳ್ತ ಶುರು ಆಯ್ಲಿ, ಬಿಡ್ತೆ."

"ಶೀನಣ್ಣ ಹೇಳುದ್ ಹೌದೇ" ಎಂದಳು ಖಾಲಿ ಬುಟ್ಟಿ ಹಿಡಿದು ಕಿಟಕಿಯಲ್ಲಿ ಕುಳಿತಿದ್ದ ಮೀನು ಮಾರುವ ಅಕ್ಕ. "ಅಮಾಸಿ ಭರ್ತ ಅಂದ್ರೆ ಸಸಾರವಾ?"

ನಾನು ಸ್ಟ್ಯಾಂಡಿನ ಹೋಟೆಲಿಗೆ ಓಡಿದೆ. ಅಲ್ಲಿನ ಗೋಡೆಯಲ್ಲಿ ತಿಥಿ ಇರುವ ಹೋದ ವರ್ಷದ ಕ್ಯಾಲೆಂಡರ್ ಇನ್ನೂ ತೂಗುತ್ತಿತ್ತು. ನಾನು ಅಳಿಸಿದ್ದ ಸಾಲುಗಳ ಪ್ರಿಂಟು ಚೀಲದಲ್ಲೇ ಇತ್ತು. ಆ ವರ್ಷದ ದಿನಗಳನ್ನು ಒಂದೊಂದೇ ಹೊಂದಿಸಿ ನೋಡಿದೆ. ಅಮಾವಾಸ್ಯೆ. ಹುಣ್ಣಿಮೆ. ಹುಣ್ಣಿಮೆಯ ಮಾರನೆಯ ದಿನ. ಮತ್ತೆ ಅಮಾವಾಸ್ಯೆ. ಕಂಪ್ಯೂಟರಿಗೆ ನಾನು ಮಳೆ ಕೊಟ್ಟಿದ್ದೆ, ವಾರ ಕೊಟ್ಟಿದ್ದೆ. ಕಡಲನ್ನು ಕೊಡಲು ಮರೆತಿದ್ದೆ. ಕಡಲಿಗೆ ಇಷ್ಟು ಹತ್ತಿರ ಹುಟ್ಟಿದವಳಿಗೆ ಅದಕ್ಕಿಂತ ನಾಚಿಕೆ ಬೇರೆ ಬೇಕೆ?

ನಾನಿನ್ನೂ ಕ್ಯಾಲೆಂಡರಿನ ಎದುರು ನಿಂತಿದ್ದಾಗಲೇ ರಾಘುವಿನ ಮೊಬೈಲು ಹೊಡೆದುಕೊಂಡಿತು. ಕುಂದಾಪುರದಿಂದ ಬರುತ್ತಿದ್ದ ಲಾರಿಯವನೊಬ್ಬ ಮಾಡಿದ್ದು. ನಡುಬೈಲಿನ ಮೋರಿಯ ಒಂದು ಬದಿ ಕುಸಿದು ರಸ್ತೆ ಅರ್ಧ ಹೋಗಿದೆ, ಮೇಲೆ ನೀರು ತುಂಬಿರುವುದರಿಂದ ಗುಂಡಿ ಕಾಣುವುದಿಲ್ಲ, ಬಸ್ಸು ತರಬೇಡಿ ಎಂದ. ರಾಘು ಅದನ್ನು ಹೇಳಿ ಕೆಳಮೆಟ್ಟಿಲಿನ ಮೇಲೆ ಕುಳಿತುಬಿಟ್ಟ. ಹೊತ್ತಿಗೆ ಸರಿಯಾಗಿ ಬಿಟ್ಟಿದ್ದರೆ ನಾವೆಲ್ಲ ಎಲ್ಲಿರುತ್ತಿದ್ದೆವೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಲವತ್ತು ನಿಮಿಷದ ಮೇಲೆ ಬಸ್ಸನ್ನು ಸುತ್ತುದಾರಿಯಲ್ಲಿ ಕಳಿಸುವಾಗ ಶೀನಣ್ಣ ಬರೆಯುತ್ತಿದ್ದುದನ್ನು ಬಗ್ಗಿ ನೋಡಿದೆ. 'ಲೇಟು 40. ಕಾರಣ: ಶೀನ.'

"ನೀರ್ ಅಂದೇಳಿ ಬರೀಲಕ್ಕಲ್ದಾ?"

"ಅಡಿಗ್ ಕಸ ಇಲ್ಲೆ ಮಗಾ. ನಿಲ್ಸದ್ದ್ ನಾನ್. ನಾನೇ ಕಾರಣ."

ಕುಂದಾಪುರದ ಸಭೆಯಲ್ಲಿ, ಪಟ್ಟಿಯ ತಲೆಯಲ್ಲಿ ಪೆನ್ನಿನಿಂದ 'ನಡುಬೈಲು' ಎಂದು ಬರೆದುಕೊಟ್ಟೆ. ಎಲ್ಲ ಅಚ್ಚಾಗಿರುವಾಗ ಇದೊಂದು ಯಾಕೆ ಕೈಬರಹ ಎಂದು ಅಲ್ಲಿನ ಅಧಿಕಾರಿಗಳು ಕೇಳಿದರು. ನನ್ನ ತಪ್ಪನ್ನು ಹೇಳಿದೆ, ನಕ್ಕರು, ಆದರೆ ಸಾಲು ಉಳಿಯಿತು. ಆಮೇಲೆ ಉಬ್ಬರದ ಹೊತ್ತನ್ನೂ ಸೇರಿಸಿ ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ಎತ್ತರದ, ಅಗಲ ಬಾಯಿಯ ಹೊಸ ಮೋರಿ ಎದ್ದಿತು. ಅದರ ಮೇಲೆ ಶೀನಣ್ಣನನ್ನು ಬಸ್ಸಿನಲ್ಲೇ ಕರೆದುಕೊಂಡು ಹೋದೆ, ಹುಣ್ಣಿಮೆಯ ದಿನ, ಮಳೆಯಲ್ಲೇ. ಹೊಗಳುತ್ತಾರೆಂದು ಮುಖ ನೋಡಿದರೆ ಅವರು ಗಡಿಯಾರ ನೋಡುತ್ತಿದ್ದರು. "ಎರಡ್ ಮಿನಿಟ್ ಬೇಗ ಬಂತಲಾ, ಹಾಳಾದವ್ನೇ!" ಎಂದು ರಾಘುವಿಗೆ ಬೈದು ಆಮೇಲೆ ನಕ್ಕರು. "ಇನ್ ಇವ್ನಿಗ್ ಕಷ್ಟ. ನೀರ್ ಅಂದೇಳಿ ಹೇಳುಕಿಲ್ಲೆ."

ಅದೇ ವರ್ಷ ಮೊಣಕಾಲು ನೋವೆಂದು ಕೆಲಸ ಬಿಟ್ಟು ತ್ರಾಸಿಯ ಮನೆ ಸೇರಿದರು. ಒಂದು ತಿಂಗಳೆಂದು ತಂದಿದ್ದ ನೋಟ್‌ಬುಕ್ಕಿನ ಚೀಲ ಆಗಲೂ ನನ್ನ ಬಳಿಯೇ. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎನ್ನುತ್ತ ಮತ್ತೆ ಎರಡು ವರ್ಷ ಮಾಡಿದೆ. ಕೊನೆಗೆ ಹೋದಾಗ ಜಗಲಿಯಲ್ಲಿ ಕುಳಿತಿದ್ದರು, ಬಡಕಲಾಗಿದ್ದರು. ಚೀಲ ಕೆಳಗಿಟ್ಟೆ.

"ಎಷ್ಟ್ ಲೇಟ್! ಎಂತ ಕಾರಣ?"

"ದಾರೀಲ್ ನೀರ್ ಮಾರ್ರೆ" ಎಂದೆ, ತಮಾಷೆಗೆ.

"ಕಾಂಬ" ಎಂದರು. ಊರುಗೋಲು ಚಾಚಿ, ಮೆಟ್ಟಿಲ ಬಳಿ ಬಿಟ್ಟಿದ್ದ ನನ್ನ ಚಪ್ಪಲಿಯನ್ನು ಮಗುಚಿ ಹಾಕಿ, ಅದರ ಅಡಿಯನ್ನು ಬಗ್ಗಿ ನೋಡಿದರು. "ಒಣ!" ಎಂದು ಕೆಮ್ಮು ಬರುವಷ್ಟು ನಕ್ಕರು. ಕಡೆಯ ನೋಟ್‌ಬುಕ್ಕು ತೆಗೆಸಿ ನನ್ನ ಹೆಸರು ಬರೆದರು, 'ಲೇಟು ನಾಲ್ಕು ವರ್ಷ' ಎಂದು ಬರೆದರು, 'ಕಾರಣ' ಎಂದು ಬರೆದು ಜಾಗ ಬಿಟ್ಟರು. "ಇದನ್ ನೀನೇ ಇಟ್ಕೋ. ಮುಂದಿನ್ ಸಲ ಬಪ್ಪತಿಗೆ ಬರಾಬರ್ ಕಾರಣ ಹೇಳ್, ಬರೀತೆ."

ಮುಂದಿನ ಸಲ ಹೋದದ್ದು ಅವರು ತೀರಿಹೋದ ಸುದ್ದಿ ಕೇಳಿ. ಹಾಲಾಡಿಯಲ್ಲಿದ್ದೆ, ಜೋರು ಮಳೆ. ಹನ್ನೊಂದೂ ಇಪ್ಪತ್ತರ ಬಸ್ಸು ಸಮಯಕ್ಕೆ ಸರಿಯಾಗಿ ಬಿಟ್ಟಿತು, ನಡುಬೈಲನ್ನು ಸಮಯಕ್ಕೆ ಸರಿಯಾಗಿ ದಾಟಿತು. ತ್ರಾಸಿ ಮುಟ್ಟಿದಾಗ ಎಲ್ಲ ಮುಗಿದಿತ್ತು. ಅಂಗಳದಲ್ಲಿದ್ದ ರಾಘು ನನ್ನನ್ನು ಕಂಡು, "ಎಂತಕ್ ತಡ ಮಾಡಿದ್ರಿ ಮೇಡಂ?" ಎಂದು ಕೇಳಿದ. ದಾರಿಯಲ್ಲಿ ಎಲ್ಲೂ ನೀರಿರಲಿಲ್ಲ. ಜಗಲಿಯ ತುದಿಯಲ್ಲಿ ಕುಳಿತು, ಅಳುತ್ತಲೇ ಆ ನೋಟ್‌ಬುಕ್ಕು ತೆಗೆದು, ಶೀನಣ್ಣ ಬಿಟ್ಟಿದ್ದ ಜಾಗದಲ್ಲಿ ಬರೆದೆ: ನಾನು.