ಬಟ್ಟಲಿಗೆ ಹಚ್ಚಿದ ವಿಭೂತಿ

ನನ್ನ ಗಂಡ ನಂಜುಂಡನ್ ಕಲ್ಲಟ್ಟಿ ಬೆಟ್ಟದ ಇಳಿಜಾರಿನಲ್ಲಿ ದನ ಮೇಯಿಸಿ ಬೆಳೆದವರು. ದನವೂ ಮನುಷ್ಯರೂ ಸುಳಿಯದ ಬಂಡೆ ಯಾವುದು ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಕಲ್ಲಿನ ಪರೀಕ್ಷೆಗೆಂದು ಬಂದ ವಿಜ್ಞಾನಿಗಳು ಅವರನ್ನು ಕೆಲಸಕ್ಕೆ ಕರೆದರು. ಬೆಟ್ಟದ ಕೆಳಗೆ ಮಾವನಲ್ಲ ಎಂಬ ಊರಿನಲ್ಲಿ ಅವರು ಮನೆ ಬಾಡಿಗೆಗೆ ಹಿಡಿದು ಒಂದು ಯಂತ್ರ ಇಟ್ಟಿದ್ದರು. ಕಲ್ಲಿನ ಪುಡಿ ಹಾಕಿದರೆ, ಅದರಲ್ಲಿ ಜೀವ ಇದೆಯೋ, ಎಂದಾದರೂ ಇತ್ತೋ ಎಂದು ಅದು ಹೇಳುತ್ತದೆ. ಮುಂದೆ ಮಂಗಳ ಗ್ರಹಕ್ಕೆ ಕಳಿಸಬೇಕಂತೆ. ಅದಕ್ಕೆ ಮೊದಲು ನಮ್ಮ ಬೆಟ್ಟದ ಕಲ್ಲಿನಲ್ಲಿ ಪರೀಕ್ಷೆ.

ಕಲ್ಲು ತರುವುದು, ಪುಡಿ ಹಾಕುವ ಪುಟ್ಟ ಬಟ್ಟಲುಗಳನ್ನು ಕೈಗವಸು ಹಾಕಿಕೊಂಡು ತೊಳೆದಿಡುವುದು ಇವರ ಕೆಲಸ. ಎರಡು ವರ್ಷ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಐವತ್ತೆರಡನೇ ವಯಸ್ಸಿಗೆ ಮೈ ಮುರಿಯದ ಕೆಲಸ ಸಿಕ್ಕಿತು ಎಂದು ನಾನು ಹಿಗ್ಗಿದೆ.

ಮೊದಲ ವಾರವೇ ಯಂತ್ರ ಸರಿಯಿಲ್ಲ ಎಂದರು. ಉರಿಯಲ್ಲಿ ಕಾಯಿಸಿ ಜೀವದ ಗುರುತೆಲ್ಲ ಸುಟ್ಟ ಪುಡಿ ಹಾಕಿದರೂ "ಇದೆ" ಎಂದೇ ತೋರಿಸುತ್ತಿತ್ತು. ಅದನ್ನು ಕಟ್ಟಿದವಳು ಅಭಿನಯಾ ಎಂಬ ಹುಡುಗಿ. ಆರು ದಿನ ಬಿಚ್ಚಿ ಜೋಡಿಸಿದಳು. ವಿಜ್ಞಾನಿಗಳ ಮುಖ್ಯಸ್ಥರಾದ ದೊಡ್ಡ ಸಾರ್ ಎಲ್ಲರೆದುರು ಅವಳನ್ನು ಬೈದರು.

ಆ ಸಂಜೆ ಇವರು ತಟ್ಟೆಗೆ ಕೈ ಹಾಕಲಿಲ್ಲ.

"ತಪ್ಪು ನಂದು ಕಣೇ. ದಿನಾ ಬೆಳಗ್ಗೆ ಬಟ್ಟಲಿಗೆ ವಿಭೂತಿ ಹಚ್ತಿದ್ದೆ."

ನಮ್ಮಲ್ಲಿ ಕತ್ತಿಯಾಗಲಿ ತಕ್ಕಡಿಯಾಗಲಿ, ವಿಭೂತಿ ಮುಟ್ಟಿಸದೆ ಕೆಲಸ ಶುರು ಮಾಡುವುದಿಲ್ಲ. ಅದೂ ಮನೆಯಲ್ಲೇ ಸಗಣಿ ಅರೆಬರೆ ಸುಟ್ಟು ಮಾಡಿದ್ದು, ಬರಿಗೈಯಲ್ಲಿ ಹಚ್ಚಿದ್ದು. ಯಂತ್ರಕ್ಕೆ ಕಂಡದ್ದು ನಮ್ಮ ಹಸು, ಇವರ ಬೆರಳು.

"ಯಾರಾದ್ರೂ ನೋಡಿದ್ರಾ?"

"ಇಲ್ಲ."

"ಮತ್ತೆ ಬಾಯ್ಮುಚ್ಕೊಂಡಿರಿ. ನಾಳೆಯಿಂದ ಹಚ್ಬೇಡಿ, ಮುಗೀತು. ನಿಜ ಹೇಳಿ ಯಾವ ಸನ್ಮಾನ ಆಗ್ಬೇಕು ನಿಮ್ಗೆ?"

"ಆ ಹುಡುಗಿ ಅಳ್ತಾ ಕೂತದೆ."

"ಅವಳಿಗೆ ಇನ್ನೊಂದು ಕೆಲ್ಸ ಸಿಗುತ್ತೆ. ನಿಮ್ಗೆ?"

ಮರುದಿನ ಹೋಗಿ ಹೇಳಿಬಿಟ್ಟರು. ದೊಡ್ಡ ಸಾರ್ ಅಂದೇ ಕೆಲಸದಿಂದ ಬಿಡಿಸಿದರು. ಬಟ್ಟಲು ಬದಲಾಯಿಸಿದ ಮೇಲೆ ಯಂತ್ರ ಸರಿಯಾಗಿ ಹೇಳಿತಂತೆ. ಇವರು ಟೀ ಎಸ್ಟೇಟಿನಲ್ಲಿ ಸಿಲ್ವರ್ ಓಕ್ ಮರ ಹತ್ತಿ ಕೊಂಬೆ ಕಡಿಯುವ ಕೂಲಿಗೆ ಹೋದರು. ನಾಲ್ಕನೇ ತಿಂಗಳು ಮೇಲಿಂದ ಬಿದ್ದರು. ಆಸ್ಪತ್ರೆ ಸೇರುವಷ್ಟರಲ್ಲಿ ಜೀವ ಇರಲಿಲ್ಲ. ಹೇಳಬೇಡಿ ಅಂದಿದ್ದೆ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಹನ್ನೊಂದನೇ ದಿನದ ಕಾರ್ಯ ಕಳೆದ ಮೇಲೆ ಅಭಿನಯಾ ಬಂದಳು.

"ಅಮ್ಮಾ, ಅವರಿಂದ ನಾವು ಕಲಿತ್ವಿ. ಈಗ ಮೊದಲು ಖಾಲಿ ಬಟ್ಟಲನ್ನೇ ಪರೀಕ್ಷೆ ಮಾಡ್ತೀವಿ. ವರದಿಯಲ್ಲೂ ಬರೆದಿದೀವಿ."

"ಏನಂತ?"

"ಸ್ಥಳೀಯ ಕೆಲಸಗಾರನ ಅಜಾಗರೂಕತೆ ಅಂತ."

"ಅವ್ರೇ ಬಂದು ಹೇಳಿದ್ರು ಅಂತ ಬರೆದಿದೀರಾ?"

ಇಲ್ಲ ಎಂದು ತಲೆಯಾಡಿಸಿದಳು.

"ಅವ್ರನ್ನ ಕಳಿಸುವಾಗ ನೀನು ಒಂದು ಮಾತಾಡಿದ್ಯಾ ತಾಯಿ?"

ಅದಕ್ಕೂ ತಲೆಯಾಡಿಸಿದಳು. ಆಮೇಲೆ ಅತ್ತಳು. ಅವಳಿಗೆ ಅಳು ಬೇಗ ಬರುತ್ತದೆ.

ನಮ್ಮ ಹಟ್ಟಿಯಲ್ಲಿ ಆಗದವರು ಬಂದರೂ ನೀರು ಕೊಡದೆ ಕಳಿಸುವುದಿಲ್ಲ. ಅವಳನ್ನು ನಾನು ನೀರೂ ಕೊಡದೆ ಕಳಿಸಿದೆ. ಅವರಿದ್ದಿದ್ದರೆ ನನ್ನ ಮೇಲೆ ರೇಗುತ್ತಿದ್ದರು.